ಬೀಗದ ಕೈ ಯಾರಲ್ಲಿರತಕ್ಕದ್ದು?

ಯಂತ್ರವೊಂದಕ್ಕೆ ಮುಪ್ಪು ಬರುವುದೆಂದರೇನು? ಬೈಸಿಕಲ್ಲಿನ ಸರಪಳಿ ಸವೆಯುವುದು, ಗಡಿಯಾರದ ಸ್ಪ್ರಿಂಗು ಸಡಿಲವಾಗುವುದು. ಇವು ಘರ್ಷಣೆಯ ಹಾಗೂ ಕಾಲದ ಕೆಲಸಗಳು. ಆದರೆ ನಮ್ಮ ಮನೆಗಳಲ್ಲಿ ಮೇಜಿನ ಖಾನೆ ಸೇರಿರುವ ಹಳೆಯ ಆಂಡ್ರಾಯ್ಡ್ ಫೋನಿನ ಮುಪ್ಪು ಬೇರೆ ಬಗೆಯದು. ಅದರ ಪರದೆ ಇನ್ನೂ ಬೆಳಗುವುದು. ಪ್ರೊಸೆಸರು ಲೆಕ್ಕ ತಪ್ಪದು. ಸಂವೇದಕಗಳು ಮೊದಲಿನಂತೆಯೇ ಅಳೆಯುವುವು. ನಿಜವಾಗಿ ಸವೆದಿರುವುದು ಬಹುಮಟ್ಟಿಗೆ ಬ್ಯಾಟರಿಯೊಂದೇ. ಹೀಗಿದ್ದೂ ಅದು ನಿರುಪಯುಕ್ತವೆನಿಸಿಕೊಂಡಿದೆ. ಏಕೆಂದರೆ ತಯಾರಿಸಿದವರು ಅದಕ್ಕೆ ಹೊಸ ತಂತ್ರಾಂಶವನ್ನು ಕಳುಹಿಸುವುದನ್ನು ನಿಲ್ಲಿಸಿದ್ದಾರೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೨ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ಕಸ ೬ ಕೋಟಿ ೨೦ ಲಕ್ಷ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಗೊಂಡು ಸಂಸ್ಕರಣೆಗೆ ಹೋದುದು ನೂರಕ್ಕೆ ೨೨.೩ರಷ್ಟು ಮಾತ್ರ. ಫೋನುಗಳು ಈ ರಾಶಿಯಲ್ಲಿ ಒಂದು ಸಣ್ಣ ಪಾಲು. ಆದರೂ ಕೆಡದ ಯಂತ್ರವನ್ನು ಕಸವೆಂದು ಕರೆಯುವ ಅಭ್ಯಾಸವನ್ನು ನಮಗೆ ಕಲಿಸುತ್ತಿರುವುದು ಅವೇ.

ತಯಾರಕರು ಕೈಬಿಟ್ಟ ಫೋನಿಗೆ ಅದರ ಒಡೆಯನೇ ಹೊಸ ತಂತ್ರಾಂಶವನ್ನು ತುಂಬಬಹುದಲ್ಲವೆ? ಅನೇಕ ಫೋನುಗಳಲ್ಲಿ ತುಂಬಬಹುದು. ಆದರೆ ಮೊದಲು ಒಂದು ಬೀಗವನ್ನು ತೆರೆಯಬೇಕು. ಆ ಬೀಗದ ಕೈ ಯಾರಲ್ಲಿರತಕ್ಕದ್ದು ಎಂಬುದೇ ಇಲ್ಲಿ ನಮ್ಮ ವಿಚಾರ.

'ರೂಟ್' ಎಂಬ ಮಾತಿನ ಅರ್ಥವನ್ನು ಮೊದಲು ತಿಳಿಯೋಣ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಒಂದೇ ಗಣಕವನ್ನು ಹಲವರು ಬಳಸುತ್ತಿದ್ದರು. ಒಬ್ಬನ ಕಡತವನ್ನು ಮತ್ತೊಬ್ಬನು ಕೆಡಿಸದಂತೆ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ತಕ್ಕ ಅಧಿಕಾರ. ಸೊನ್ನೆಯ ಸಂಖ್ಯೆಯವನಿಗೆ ಮಾತ್ರ ಯಾವ ತಡೆಯೂ ಇಲ್ಲ. ಅವನ ಹೆಸರೇ ರೂಟ್. ಈ ಕಲ್ಪನೆ ಲೈನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಪ್ರಕಟಿಸಿದ ಲಿನಕ್ಸಿಗೂ, ಅದರ ಮೇಲೆ ನಿಂತಿರುವ ಆಂಡ್ರಾಯ್ಡಿಗೂ ಬಂದಿತು. ಆಂಡ್ರಾಯ್ಡಿನಲ್ಲಿ ಪ್ರತಿಯೊಂದು ಆ್ಯಪನ್ನೂ ಒಬ್ಬ ಬೇರೆ ಬಳಕೆದಾರನೆಂದೇ ಎಣಿಸಿ ಅದಕ್ಕೆ ಪ್ರತ್ಯೇಕ ಸಂಖ್ಯೆಯನ್ನು ಕೊಡುವರು. ಆಟದ ಆ್ಯಪು ಬ್ಯಾಂಕಿನ ಆ್ಯಪಿನ ಕಡತಗಳನ್ನು ಇಣುಕಿ ನೋಡಲಾರದಿರುವುದಕ್ಕೆ ಈ ಗೋಡೆಯೇ ಕಾರಣ. ಫೋನಿನ ಒಡೆಯನಿಗೂ ಸೊನ್ನೆಯ ಅಧಿಕಾರವಿಲ್ಲ. ಅದನ್ನು ದೊರಕಿಸಿಕೊಳ್ಳುವುದೇ ರೂಟಿಂಗ್. ಮೊದಲಿದ್ದ ವ್ಯವಸ್ಥೆಯನ್ನೇ ತೆಗೆದು ಬೇರೊಂದನ್ನು ಸ್ಥಾಪಿಸುವುದು ಇನ್ನೊಂದು ಕೆಲಸ. ಇದನ್ನು ಕಸ್ಟಮ್ ರಾಮ್ ಹಾಕುವುದು ಎನ್ನುತ್ತಾರೆ. ಇವೆರಡೂ ಒಂದೇ ಎಂದು ತಿಳಿದವರು ಅನೇಕರು. ಹಾಗಲ್ಲ, ಬೂಟ್‌ಲೋಡರ್ ಎಂಬ ಆರಂಭದ ಬೀಗವನ್ನು ತೆರೆಯಲು ಅವಕಾಶವಿರುವಲ್ಲಿ, ರೂಟ್ ಅಧಿಕಾರವನ್ನು ಇಟ್ಟುಕೊಳ್ಳದೆಯೇ ಹೊಸ ವ್ಯವಸ್ಥೆಯನ್ನು ಸ್ಥಾಪಿಸಬಹುದು.

ಈ ಕೆಲಸದ ಚರಿತ್ರೆ ಆಂಡ್ರಾಯ್ಡಿನಷ್ಟೇ ಹಳೆಯದು. ೨೦೦೮ರಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮಿನ ತಂತ್ರಾಂಶದಲ್ಲಿ ಒಂದು ವಿನೋದಕರ ದೋಷವಿತ್ತು: ಕೀಲಿಮಣೆಯಲ್ಲಿ ಬರೆದ ಮಾತೆಲ್ಲವೂ ತೆರೆಯ ಮರೆಯಲ್ಲಿ ರೂಟ್ ಅಧಿಕಾರದ ಆಜ್ಞೆಯಾಗಿಯೂ ಹೋಗುತ್ತಿತ್ತು. 'ರೀಬೂಟ್' ಎಂದು ಬರೆದು ಎಂಟರ್ ಒತ್ತಿದರೆ ಫೋನು ಆರಿ ಮತ್ತೆ ಆರಂಭವಾಗುತ್ತಿತ್ತು! ಗೂಗಲ್ ಈ ಕಿಂಡಿಯನ್ನು ಬೇಗನೆ ಮುಚ್ಚಿತಾದರೂ ಅಷ್ಟರಲ್ಲಿ ಕುತೂಹಲಿಗಳು ಒಳಹೊಕ್ಕಿದ್ದರು. ೨೦೦೯ರಲ್ಲಿ ಸ್ಟೀವ್ ಕಾಂಡಿಕ್ ಎಂಬಾತನು ಸಯನೋಜನ್‌ಮಾಡ್ ಎಂಬ ಬದಲಿ ವ್ಯವಸ್ಥೆಯನ್ನು ಆರಂಭಿಸಿದನು. ಡ್ರೀಮ್ ಫೋನಿಗೆ ಅಧಿಕೃತವಾಗಿ ದೊರೆತ ಕೊನೆಯ ಆಂಡ್ರಾಯ್ಡ್ ೧.೬, ಕೇವಲ ೧೯೨ ಮೆಗಾಬೈಟ್ ಸ್ಮೃತಿಯಿದ್ದ ಅದೇ ಫೋನಿಗೆ ಈ ಸ್ವಯಂಸೇವಕರು ೨.೨ನ್ನು ತಂದುಕೊಟ್ಟರು. ಆ ಯೋಜನೆ ೨೦೧೬ರ ಡಿಸೆಂಬರಿನಲ್ಲಿ ನಿಂತರೂ ಲೀನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಅದರ ಸಂತತಿ ಮುಂದುವರಿದಿದೆ.

ತಯಾರಕರು ಬೀಗ ಹಾಕುವುದು ನಿಷ್ಕಾರಣವಾಗಿ ಅಲ್ಲ. ಇಂದಿನ ಫೋನಿನ ಗುಂಡಿಯನ್ನು ಒತ್ತಿದಾಗ, ಚಿಪ್ಪಿನಲ್ಲಿಯೇ ಅಳಿಸಲಾಗದಂತೆ ಬರೆದಿರುವ ಒಂದು ಸಣ್ಣ ಕ್ರಮವಿಧಿ ಮೊದಲು ಎಚ್ಚರಗೊಳ್ಳುವುದು. ಅದು ಬೂಟ್‌ಲೋಡರಿನ ಮೇಲೆ ತಯಾರಕರ ಗಣಿತರೂಪದ ಸಹಿಯಿದೆಯೆ ಎಂದು ಪರೀಕ್ಷಿಸುವುದು. ಬೂಟ್‌ಲೋಡರು ತನ್ನ ಮುಂದಿನದನ್ನು ಪರೀಕ್ಷಿಸುವುದು. ಸಹಿ ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಲ್ಲುವುದು. ಕಳ್ಳನು ತನ್ನ ತಂತ್ರಾಂಶವನ್ನು ತುಂಬಿ ನಮ್ಮ ಗುಟ್ಟುಗಳನ್ನು ಓದದಂತೆ ಮಾಡಿರುವ ಏರ್ಪಾಡು ಇದು. ಇದನ್ನು ನಾವು ಮೆಚ್ಚುತ್ತೇವೆ. ಆದರೆ ಇದರಿಂದ ಒಡೆಯನಿಗೆ ಕೈ ಕೊಡಬಾರದೆಂಬ ತೀರ್ಮಾನ ಹೊರಡದು. ಗೂಗಲ್ಲಿನ ನೆಕ್ಸಸ್ ಫೋನುಗಳಲ್ಲಿ ಒಡೆಯನು ಈ ಬೀಗವನ್ನು ತೆರೆಯಬಹುದಾಗಿತ್ತು. ತೆರೆದೊಡನೆ ಒಳಗಿನ ಮಾಹಿತಿಯೆಲ್ಲ ಅಳಿಸಿಹೋಗುತ್ತಿತ್ತು. ಕಳ್ಳನು ಬೀಗ ತೆರೆದರೂ ಪೆಟ್ಟಿಗೆ ಬರಿದು! ಭದ್ರತೆಗೂ ಒಡೆತನಕ್ಕೂ ಹಗೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಇದಕ್ಕೆ ವಿರುದ್ಧವಾದ ಕ್ರಮವೂ ಉಂಟು. ೨೦೧೩ರಿಂದ ಸ್ಯಾಮ್‌ಸಂಗ್ ಅನೇಕ ಫೋನುಗಳಲ್ಲಿ ಒಂದು ಸೂಕ್ಷ್ಮ ಫ್ಯೂಸನ್ನು ಇರಿಸಿದೆ. ಅನಧಿಕೃತ ತಂತ್ರಾಂಶ ಹೊಕ್ಕರೆ ಅದು ಸುಟ್ಟು, ಕೆಲವು ಸೌಲಭ್ಯಗಳು ಶಾಶ್ವತವಾಗಿ ನಿಂತುಹೋಗುವುವು. ಮನೆಯ ಫ್ಯೂಸನ್ನು ಮತ್ತೆ ಕಟ್ಟಬಹುದು, ಇದನ್ನು ಕಟ್ಟಲಾಗದು.

ಆದರೆ ಬೀಗ ತೆರೆದವರೆಲ್ಲರೂ ಗೆದ್ದರೆಂದು ನಾವು ಹೇಳುವುದಿಲ್ಲ. ಮನೆಯ ಬೀಗದ ಕೈ ನಮ್ಮಲ್ಲಿರಬೇಕೆಂದರೆ ಬಾಗಿಲನ್ನು ಹಗಲಿರುಳೂ ತೆರೆದಿಡಬೇಕೆಂದು ಅರ್ಥವಲ್ಲ. ಸೊನ್ನೆಯ ಅಧಿಕಾರವನ್ನು ಗೊತ್ತುಗುರಿಯಿಲ್ಲದ ಆ್ಯಪಿಗೆ ಕೊಟ್ಟವನು ಮೇಲೆ ಹೇಳಿದ ಗೋಡೆಗಳನ್ನು ತಾನೇ ಕೆಡವಿದಂತಾಯಿತು. ಅನೇಕ ಬ್ಯಾಂಕುಗಳ ಆ್ಯಪುಗಳು ಅಂತಹ ಫೋನಿನಲ್ಲಿ ಕೆಲಸ ಮಾಡಲೊಪ್ಪುವುದಿಲ್ಲ. ಇದಲ್ಲದೆ ಮೋಡೆಮ್, ಕ್ಯಾಮೆರಾ ಮೊದಲಾದುವನ್ನು ನಡೆಸುವ ತಂತ್ರಾಂಶದ ಮೂಲಪಾಠವನ್ನು ಚಿಪ್ ತಯಾರಕರು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಅಲ್ಲಿರುವ ರಂಧ್ರಗಳನ್ನು ಸ್ವಯಂಸೇವಕರು ಮುಚ್ಚಲಾರರು. ಆದಕಾರಣ ಹೊಸ ಆವೃತ್ತಿಯ ಸಂಖ್ಯೆಯನ್ನು ಕಂಡ ಮಾತ್ರಕ್ಕೆ ಫೋನು ಪೂರ್ತಿ ಸುರಕ್ಷಿತವಾಯಿತೆಂದು ಭ್ರಮಿಸಬಾರದು. ಒಂದು ಮಾದರಿಗೆ ಸಿದ್ಧಪಡಿಸಿದ ತಂತ್ರಾಂಶ ಅದರ ನೆರೆಯ ಮಾದರಿಗೂ ಹೊಂದದೆ ಹೋಗಬಹುದು. ತಪ್ಪು ಕಡತವನ್ನು ತುಂಬಿದರೆ ಫೋನು ಏಳದಂತಾಗುವುದು. ಬಲ್ಲವರು ಅದನ್ನು 'ಇಟ್ಟಿಗೆ'ಯೆಂದು ಕರೆಯುವುದು ಯುಕ್ತವಾಗಿಯೇ ಇದೆ.

ಹೀಗಿರಲು ನ್ಯಾಯವಾದ ಮಾರ್ಗ ಯಾವುದು? ತಯಾರಕರು ಪೋಷಿಸುತ್ತಿರುವವರೆಗೆ ಬೀಗವಿರಲಿ. ಪೋಷಣೆಯನ್ನು ನಿಲ್ಲಿಸಿದ ದಿನ ಕೈಯನ್ನೂ, ಕೊಡಬಹುದಾದಷ್ಟು ಮೂಲಪಾಠವನ್ನೂ ಒಡೆಯನಿಗೆ ಒಪ್ಪಿಸತಕ್ಕದ್ದು. ತಾನೂ ದುರಸ್ತು ಮಾಡೆ, ಇತರರಿಗೂ ಬಿಡೆ ಎಂಬುದು ವ್ಯಾಪಾರದ ಧರ್ಮವಲ್ಲ. ಇದು ಅಸಾಧ್ಯವಾದ ಬೇಡಿಕೆಯೂ ಅಲ್ಲ. ೨೦೧೫ರಲ್ಲಿ ಬಂದ ಫೇರ್‌ಫೋನ್ ೨ಕ್ಕೆ, ಚಿಪ್ ತಯಾರಕರ ನೆರವು ನಿಂತ ಮೇಲೆಯೂ, ೨೦೨೩ರವರೆಗೆ ತಂತ್ರಾಂಶವನ್ನು ಒದಗಿಸಿದರು. ಗೂಗಲ್ ೨೦೨೩ರ ಪಿಕ್ಸೆಲ್ ೮ಕ್ಕೂ, ಸ್ಯಾಮ್‌ಸಂಗ್ ೨೦೨೪ರ ಗ್ಯಾಲಕ್ಸಿ ಎಸ್ ೨೪ಕ್ಕೂ ೭ ವರ್ಷಗಳ ನವೀಕರಣದ ಭರವಸೆಯಿತ್ತಿವೆ. ಅಮೆರಿಕದಲ್ಲಿ ೨೦೧೦ರಲ್ಲಿಯೇ ಫೋನಿನ ಇಂತಹ ಬೀಗ ತೆರೆಯುವುದಕ್ಕೆ ಕೃತಿಸ್ವಾಮ್ಯದ ಕಾನೂನಿನಿಂದ ವಿನಾಯಿತಿ ದೊರೆಯಿತು. ನಮ್ಮ ಕೇಂದ್ರ ಸರ್ಕಾರವೂ ೨೦೨೨ರಲ್ಲಿ ದುರಸ್ತಿಯ ಹಕ್ಕಿನ ವಿಚಾರವನ್ನು ಕೈಗೆತ್ತಿಕೊಂಡಿತು. ಬಿಡಿಭಾಗಗಳಂತೆಯೇ ತಂತ್ರಾಂಶವೂ ದುರಸ್ತಿಯ ಒಂದು ಅಂಗವೆಂದು ಅದರಲ್ಲಿ ಸ್ಪಷ್ಟವಾಗಬೇಕೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ದಿನವೂ ಬಳಸುವ ಫೋನಿನ ಮೇಲೆ ಈ ಪ್ರಯೋಗ ಬೇಡ. ಖಾನೆಯಲ್ಲಿ ಮಲಗಿರುವುದನ್ನು ಹೊರತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಮುಟ್ಟದೆ ಬಲ್ಲವರಿಗೆ ಒಪ್ಪಿಸಿ. ಮಾಹಿತಿಯನ್ನು ನಕಲು ಮಾಡಿಕೊಂಡು, ಮಾದರಿಯ ಸಂಖ್ಯೆಯನ್ನು ಎರಡು ಬಾರಿ ಓದಿ, ಸೂಚನೆಗಳ ಪ್ರತಿಯೊಂದು ಸಾಲೂ ಏನು ಮಾಡುವುದೆಂದು ತಿಳಿದ ಮೇಲೆಯೇ ಮುಂದುವರಿಯಿರಿ. ಆ ಫೋನಿನಲ್ಲಿ ವೇಗೋತ್ಕರ್ಷವನ್ನೂ ಕಾಂತಕ್ಷೇತ್ರವನ್ನೂ ಅಳೆಯುವ ಸಂವೇದಕಗಳಿರಬಹುದು. ಲೋಲಕದ ಆವರ್ತಕಾಲವನ್ನು ಅದರಿಂದಲೇ ಕಂಡುಹಿಡಿಯಬಹುದು. ಜರ್ಮನಿಯ ಆಹೆನ್ ನಗರದ ವಿಶ್ವವಿದ್ಯಾನಿಲಯದವರು ಇದಕ್ಕಾಗಿಯೇ ಫೈಫಾಕ್ಸ್ ಎಂಬ ಆ್ಯಪನ್ನು ಉಚಿತವಾಗಿ ಕೊಟ್ಟಿದ್ದಾರೆ. ಕಸವೆನಿಸಿದ ವಸ್ತು ಹೀಗೆ ಪ್ರಯೋಗಶಾಲೆಯಾದರೆ ಉಳಿಯುವುದು ಹಣ ಮಾತ್ರವಲ್ಲ. ಕೈಯಲ್ಲಿರುವ ಯಂತ್ರ ಹೇಗೆ ನಡೆಯುವುದೆಂದು ಕೇಳುವ ಧೈರ್ಯವೂ ಉಳಿಯುವುದು. ಆ ಧೈರ್ಯವಿಲ್ಲದವನಿಗೆ ಬೀಗದ ಕೈ ದೊರೆತೂ ಪ್ರಯೋಜನವಿಲ್ಲ.