ಉರುಳಿದ ಮರದಲ್ಲಿ ಪಿಂಜಾರರ ಪಾಲೆಷ್ಟು?

ಘಟ್ಟದ ಮೇಲಿನ ನಮಗೆ ಮರವೆಂದರೆ ಕಾಡಿನ ಮರ. ರಸ್ತೆ ಬದಿಯ ಮರವನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಕಡಿಮೆ. ಬೀದರ ಜಿಲ್ಲೆಯ ಸ್ಥಿತಿ ಇದಕ್ಕೆ ತಿರುಗುಮುರುಗು. ರಾಜ್ಯದಲ್ಲಿ ಅರಣ್ಯ ತೀರ ಕಡಿಮೆ ಇರುವ ಜಿಲ್ಲೆಗಳಲ್ಲಿ ಅದೂ ಒಂದು. ಅಲ್ಲಿ ಭಾಲ್ಕಿಗೆ ಹೋಗುವ ದಾರಿಯ ಬೇವು, ಔರಾದಿಗೆ ಹೋಗುವ ದಾರಿಯ ಹುಣಸೆ, ಹೊಲದ ಬದುವಿನ ಜಾಲಿ ಇವೇ ಊರವರ ಕಾಡು. ಏಪ್ರಿಲ್ ತಿಂಗಳಲ್ಲಿ ಆ ಕಪ್ಪುನೆಲದ ಮೇಲೆ ಒಂದು ಗಾವುದ ನಡೆದು ನೋಡಿದವರಿಗೆ ಸಾಲುಮರ ಎಂಬ ಮಾತಿನ ಬೆಲೆ ತಿಳಿದೀತು. ರಸ್ತೆ ಅಗಲಗೊಂಡಲ್ಲೆಲ್ಲ ಮೊದಲು ಬೀಳುವುದು ಈ ಕಾಡೇ.

ಕಡಿಯುವ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ಮರದ ತೊಗಟೆ ಕೆತ್ತಿ ಬಣ್ಣದಲ್ಲಿ ಅಂಕಿ ಬರೆಯುತ್ತಾರೆ. ಜಾತಿ, ಸುತ್ತಳತೆ, ಎತ್ತರಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ಆಮೇಲೆ ಹರಾಜೋ ಟೆಂಡರೋ. ಗುತ್ತಿಗೆದಾರನ ಯಂತ್ರಗರಗಸ ಬಂದು ಒಂದೇ ಬೆಳಗಿನಲ್ಲಿ ಅರವತ್ತು ವರ್ಷದ ಬೇವನ್ನು ಮೂರು ಮೂರು ಅಡಿಯ ತುಂಡು ಮಾಡಿ ಲಾರಿಗೆ ಏರಿಸುತ್ತದೆ. ದಪ್ಪ ಕಾಂಡ ಸಾಮಿಲ್ಲಿಗೆ ಹೋದರೆ ಉಳಿದದ್ದೆಲ್ಲ ಇಟ್ಟಿಗೆ ಭಟ್ಟಿಗೆ. ಈ ಮೂರಡಿಯ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಈ ಲೇಖನದ ಜಗಳವೆಲ್ಲ ಇರುವುದು ಅಲ್ಲಿಯೇ.

ಏಕೆಂದರೆ ಹತ್ತಿ ಹಿಂಜುವ ಬಿಲ್ಲಿಗೆ ಮೂರಡಿಯ ತುಂಡು ಸಾಲುವುದಿಲ್ಲ. ಅದಕ್ಕೆ ಆಳೆತ್ತರಕ್ಕೆ ಹತ್ತಿರದ, ಗಂಟಿಲ್ಲದ, ಎಳೆ ತಿರುಚದ ಒಂದು ನೇರ ದಂಡ ಬೇಕು.

ಬಿಲ್ಲೆಂದೊಡನೆ ನಮ್ಮ ಕಡೆಯ ಹುಡುಗರು ಬಿದಿರನ್ನು ಬಗ್ಗಿಸಿ ಹೆದೆ ಏರಿಸಿದ ಬಿಲ್ಲನ್ನು ನೆನೆದಾರು. ನಮ್ಮ ತಡಸಲು ಮರಕ್ಕೆ ಸಂಸ್ಕೃತದಲ್ಲಿ ಧನ್ವನ ಎಂಬ ಹೆಸರು ಬಂದಿರುವುದು ಅದರ ಬಾಗುವ ಗುಣದಿಂದ. ಪಿಂಜಾರರ ಬಿಲ್ಲು ಬೇರೆ ಜಾತಿಯದು. ಅದು ಬಾಗುವ ಬಿಲ್ಲಲ್ಲ, ಬಾಗದ ಬಿಲ್ಲು. ಗಟ್ಟಿ ದಂಡದ ಒಂದು ತುದಿಯಲ್ಲಿ ಅಗಲವಾದ ಹಲಗೆ, ಇನ್ನೊಂದು ತುದಿಯಲ್ಲಿ ಸಣ್ಣ ಕೊಕ್ಕೆ, ನಡುವೆ ಬಿಗಿದ ಕರುಳಿನ ಹುರಿ. ನಡು ಸಣ್ಣಗೆ, ಎರಡು ತುದಿ ದಪ್ಪಗೆ ಇರುವ ಮರದ ಕೈಬಡಿಗೆಯಿಂದ ಆ ಹುರಿಯನ್ನು ಮೀಟಿದರೆ ಅದು ಅರಳೆಯ ರಾಶಿಯಲ್ಲಿ ಕಂಪಿಸಿ ಗಂಟುಗಟ್ಟಿದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸುತ್ತದೆ. ಕಸ, ಧೂಳು, ಬೀಜದ ಚೂರು ಕೆಳಗೆ ಉದುರುತ್ತವೆ. ಒಂದೆಡೆ ಕುಳಿತು ಹಿಂಜುವಾಗ ಬಿಲ್ಲನ್ನು ಮೇಲಿನ ತೊಲೆಗೆ ಹಗ್ಗದಿಂದ ತೂಗುಬಿಡುವುದುಂಟು. ಊರೂರು ತಿರುಗುವವರು ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ಆದ್ದರಿಂದ ದಂಡ ಗಟ್ಟಿಯಿರಬೇಕು, ಭಾರವಿರಬಾರದು, ಹುರಿಯ ಎಳೆತಕ್ಕೆ ವರ್ಷಾನುಗಟ್ಟಲೆ ಸೊಟ್ಟಗಾಗಬಾರದು. ಕೈಬಡಿಗೆಯಾದರೋ ಭಾರವಾಗಿಯೇ ಇರಬೇಕು. ಒನಕೆಗೂ ಗಾಣಕ್ಕೂ ಒದಗುವ ಹುಣಸೆಯ ಕೆಚ್ಚು ಅದಕ್ಕೆ ಹೇಳಿ ಮಾಡಿಸಿದ್ದು.

ಈ ಉಪಕರಣವನ್ನು ಹಳೆಯ ಕಾಲದ ಗುಜರಿ ಎಂದು ತಳ್ಳಿಹಾಕುವವರು ಅದರ ವಂಶಾವಳಿಯನ್ನೊಮ್ಮೆ ನೋಡಬೇಕು. ಯುರೋಪಿನ ಟೋಪಿ ತಯಾರಕರು ತುಪ್ಪಳವನ್ನು ಹಿಂಜಲು ಬಳಸುತ್ತಿದ್ದುದು ಇದರದೇ ಬಂಧು. ನಮ್ಮಲ್ಲಿ ಪಿಂಜಾರ ಎಂಬ ಹೆಸರು ಹಿಂಜುವ ಕ್ರಿಯೆಯಿಂದಲೇ ಬಂದದ್ದು; ನದಾಫ್ ಎಂಬುದು ಅದೇ ಕಸುಬಿನ ಅರಬಿ ಹೆಸರು. ಹತ್ತನೆಯ ಶತಮಾನದ ಆರಂಭದಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಒಳಗಾದ ಸೂಫಿ ಮನ್ಸೂರ್ ಹಲ್ಲಾಜರ ಹೆಸರಿನ ಹಲ್ಲಾಜ್ ಎಂದರೂ ಹತ್ತಿ ಹಿಂಜುವವನೆಂದೇ ಅರ್ಥ. ಕದಿರಿನ ಕಾಯಕದ ರೆಮ್ಮವ್ವೆ ವಚನಕಾರ್ತಿಯಾದ ಶರಣರ ಕಲ್ಯಾಣ ಇದೇ ಬೀದರ ಜಿಲ್ಲೆಯಲ್ಲಿದೆ. ಕಾಯಕದ ಬಗ್ಗೆ ಜಯಂತಿಯ ದಿನ ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ನಾವು ಕಾಯಕದ ಕಟ್ಟಿಗೆ ಎಲ್ಲಿಂದ ಬರಬೇಕೆಂದು ಕೇಳುವುದಿಲ್ಲ.

ಔರಾದ್ ದಾರಿಯಲ್ಲಿ ಬಿದ್ದಿದ್ದ ಬೇವಿನ ಕೊಂಬೆಯೊಂದನ್ನು ಕಣ್ಣಳತೆಯಲ್ಲಿ ನೋಡುತ್ತ ನಿಂತಿದ್ದ ಹಿರಿಯ ಪಿಂಜಾರರೊಬ್ಬರು ಹೇಳಿದ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. "ಕೇಳಿ ತಗೋಬೇಕಂದ್ರ ಯಾರಿಗಿ ಕೇಳಬೇಕ್ರಿ? ಕೇಳದೆ ತಗೊಂಡ್ರ ಕಳ್ಳ ಅಂತಾರ್ರಿ." ಅವರ ಬಿಲ್ಲು ತಂದೆಯ ಕಾಲದ್ದು, ದಂಡ ಎರಡು ಕಡೆ ಸೀಳಿ, ತಗಡು ಸುತ್ತಿ ಮೊಳೆ ಹೊಡೆದಿದ್ದರು. ನಾವಿಬ್ಬರೂ ನೋಡುತ್ತಿದ್ದಂತೆಯೇ ಆ ಕೊಂಬೆ ಮೂರು ತುಂಡಾಯಿತು. ಗರಗಸ ಹಿಡಿದ ಹುಡುಗನದು ತಪ್ಪಲ್ಲ. ಅವನಿಗೆ ಹೇಳಿದ ಅಳತೆಯೇ ಅದು.

ಇದು ಕಟ್ಟಿಗೆಯ ಅಭಾವದ ಪ್ರಶ್ನೆಯಲ್ಲ. ದೊಡ್ಡವರಿಗೆ ಲಾರಿಗಟ್ಟಲೆ, ಕುಶಲಕರ್ಮಿಗೆ ಕಳ್ಳನ ಪಟ್ಟ ಎಂಬ ಹಳೆಯ ನೀತಿಯ ಪ್ರಶ್ನೆ. ಉತ್ತರ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1958ರಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ತೆರಬೇಕಾಗಿತ್ತೆಂಬುದನ್ನು ಮಾಧವ ಗಾಡ್ಗೀಳರು ಬರೆದು ತೋರಿಸಿದ್ದಾರೆ. ಬಿದಿರು ಹೂಬಿಟ್ಟು ಸತ್ತಿತೆಂದು, ದನ ಮೇಯಿಸಿ ಜನ ಹಾಳುಮಾಡಿದರೆಂದು ಎಷ್ಟು ಕಾಲ ಹೇಳಲಾಯಿತು! ಬೀದರದ ಬೇವಿಗೂ ದಾಂಡೇಲಿಯ ಬಿದಿರಿಗೂ ದೂರ ಬಹಳವಿರಬಹುದು, ನೀತಿ ಒಂದೇ.

ಬೀದರ ನಗರದಲ್ಲಿಯೇ ಇದಕ್ಕೆ ಎದುರು ಉದಾಹರಣೆಯೊಂದಿದೆ. ಬಿದರಿ ಕಲೆಯ ಸತು–ತಾಮ್ರದ ಪಾತ್ರೆಗೆ ಆ ಕಡುಗಪ್ಪು ಬರುವುದು ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಹಚ್ಚುವುದರಿಂದ. ಆ ಮಣ್ಣಿಲ್ಲದೆ ಬಿದರಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತು. 2006ರಲ್ಲಿ ಆ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. 2023ರಲ್ಲಿ ಬೀದರದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಬಿದರಿ ಹೂದಾನಿಗೆ ಸಿಕ್ಕ ಗೌರವದ ನೂರರಲ್ಲೊಂದು ಪಾಲೂ ಹಾಸಿಗೆ ಹಿಂಜುವವರ ಬಿಲ್ಲಿಗೆ ಸಿಗಲಿಲ್ಲ. ಹೂದಾನಿ ದಿಲ್ಲಿಯ ಅಂಗಡಿಗೆ ಹೋಗುತ್ತದೆ, ಗಾದಿ ಬಡವನ ಮನೆಯ ಮೂಲೆಯಲ್ಲಿ ಉಳಿಯುತ್ತದೆ. ವ್ಯತ್ಯಾಸ ಇದಕ್ಕಿಂತ ಹೆಚ್ಚಿನದೇನೂ ನನಗೆ ಕಾಣದು.

ಇನ್ನು ನಮ್ಮವರ ಆಕ್ಷೇಪಕ್ಕೆ ಬರುತ್ತೇನೆ, ಏಕೆಂದರೆ ಈ ಲೇಖನ ಮುಖ್ಯವಾಗಿ ಅವರಿಗಾಗಿಯೇ. ಕಡಿದ ಮರದಲ್ಲಿ ಪಾಲು ಕೇಳಿದರೆ ಕಡಿತಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತದೆ, ಹೋರಾಟದ ನೈತಿಕ ಬಲ ಹೋಗುತ್ತದೆ ಎಂದು ಸಂಘಟನೆಯ ಗೆಳೆಯರು ವಾದಿಸಿದ್ದಾರೆ. ಈ ಭಯ ಸುಳ್ಳಲ್ಲ. ನಾಳೆ ಗುತ್ತಿಗೆದಾರನೇ "ಕುಶಲಕರ್ಮಿಗಳ ಹಿತಕ್ಕಾಗಿ" ಎಂದು ಫಲಕ ಬರೆಸಿ ಆಲದ ಬುಡಕ್ಕೆ ಗರಗಸ ಇಟ್ಟರೆ ಆಶ್ಚರ್ಯವಿಲ್ಲ. 2019ರಲ್ಲಿ ಸಾಲುಮರದ ತಿಮ್ಮಕ್ಕನವರು ನೆಟ್ಟ ಆಲಗಳಿಗೇ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ಕುತ್ತು ಬಂದು, ಆ ವಯಸ್ಸಿನಲ್ಲಿ ಅವರು ಮುಖ್ಯಮಂತ್ರಿಗಳ ಬಳಿಗೆ ಹೋಗಬೇಕಾದ ನಾಡು ಇದು. ನಿಂತ ಮರಕ್ಕಾಗಿ ನಡೆಯುವ ಹೋರಾಟವೇ ಮೊದಲನೆಯದು. ಅದರಲ್ಲಿ ಒಂದಂಗುಲವೂ ಬಿಟ್ಟುಕೊಡಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂಬ ತಿದ್ದುಪಡಿಯೂ ನಂತರ ಸೇರಿದೆ. ಅಲ್ಲಿ ಕಾದಾಡೋಣ. ಆದರೆ ಸೋತ ಮೇಲೆ? ಮರ ಉರುಳಿದ ಮರುದಿನ ನಾವು ಛಾಯಾಚಿತ್ರ ತೆಗೆದು, ಶ್ರದ್ಧಾಂಜಲಿ ಬರೆದು, ಬಸ್ಸು ಹತ್ತುತ್ತೇವೆ. ಕೊರಡು ಭಟ್ಟಿಗೆ ಹೋಗುತ್ತದೆ. ನಮ್ಮ ಮೌನದಿಂದ ಒಂದು ಮರವೂ ಉಳಿದಿಲ್ಲ, ಇಟ್ಟಿಗೆ ಮಾತ್ರ ಚೆನ್ನಾಗಿ ಬೆಂದಿದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರವನ್ನು ಅಪ್ಪಿದಾಗ ಹುಟ್ಟಿದ ಚಳವಳಿಯ ಘೋಷಣೆಯಲ್ಲಿ ಮೂರು ಪದಗಳಿದ್ದವು: ಉಳಿಸು, ಬೆಳೆಸು, ಬಳಸು. ಮೊದಲೆರಡನ್ನು ನಾವು ಗೋಡೆಯ ಮೇಲೆ ಬರೆದೆವು. ಮೂರನೆಯದನ್ನು ಹೇಳಲು ನಾಚಿಕೊಂಡೆವು, ಅದು ವ್ಯಾಪಾರಿಗಳ ಮಾತೆಂಬಂತೆ. ಸಾಲ್ಕಣಿಯ ರೈತನಿಗೆ ಆ ನಾಚಿಕೆ ಇರಲಿಲ್ಲ. ಸೊಪ್ಪು, ದರಕು, ನೊಗದ ಕಟ್ಟಿಗೆ ಬೇಕಾಗಿದ್ದುದರಿಂದಲೇ ಅವನು ಮರವನ್ನು ಅಪ್ಪಿದ್ದು.

ಬೇಡಿಕೆ ಬಹಳ ಸಣ್ಣದು. ಕಡಿಯುವ ಮೊದಲು ಸಿದ್ಧವಾಗುವ ಆ ಪಟ್ಟಿಯಲ್ಲಿ ಇನ್ನೊಂದು ಅಂಕಣ ಸೇರಲಿ: ಕಸುಬಿಗೆ ಯೋಗ್ಯವಾದ ಭಾಗ ಯಾವುದು, ಎಷ್ಟು ಉದ್ದಕ್ಕೆ ಕತ್ತರಿಸಬೇಕು. ಬಡಗಿ, ಕುಂಟೆ–ಕೂರಿಗೆ ಮಾಡುವವರು, ಪಿಂಜಾರರು ಬಂದು ಗುರುತು ಹಾಕಲಿ. ಇದು ಕಡಿಯುವ ಮೊದಲೇ ಆಗಬೇಕು. ಹಸಿ ಮರ ಒಣಗುವಾಗ ಬಿರುಕು ಮೊದಲು ಬರುವುದು ಕತ್ತರಿಸಿದ ತುದಿಗಳಿಂದ. ಕಡಿದ ದಿನವೇ ತುದಿಗಳಿಗೆ ಮೇಣವನ್ನೋ ಸಗಣಿಯನ್ನೋ ದಪ್ಪಗೆ ಮೆತ್ತಿ, ತೊಗಟೆ ಸುಲಿದು, ಎಳೆಗುಂಟ ಸೀಳಿ, ನೆಲ ತಾಗದಂತೆ ನೆರಳಿನಲ್ಲಿ ಅಟ್ಟಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ತೊಗಟೆ ಬಿಟ್ಟರೆ ಹುಳು ಹೊಕ್ಕಿತೆಂದೇ ತಿಳಿಯಿರಿ. ಹರಾಜಿನ ಕಾಗದ ತಿರುಗುವ ತನಕ ಬೀದರದ ಬೇಸಗೆಯಲ್ಲಿ ಬಯಲಲ್ಲಿ ಬಿದ್ದ ದಿಮ್ಮಿ ಆಮೇಲೆ ಪುಕ್ಕಟೆ ಕೊಟ್ಟರೂ ಬಿಲ್ಲಿಗೆ ಬಾರದು. ರಸ್ತೆಬದಿಯ ಮರದಲ್ಲಿ ಇನ್ನೊಂದು ಪೀಡೆ, ಜಾಹೀರಾತಿನ ಹಲಗೆ ಬಡಿದ ಮೊಳೆಗಳು. ಅವು ಎಲ್ಲಿವೆಯೆಂದು ಮರ ನಿಂತಿರುವಾಗಲೇ ನೋಡಿಕೊಳ್ಳುವುದು ಸುಲಭ.

ನಾನು ಇದನ್ನು ಕಚೇರಿಯೊಂದರಲ್ಲಿ ಹೇಳಿದಾಗ ಬಂದ ಉತ್ತರ: "ಅಂಥ ಶೀರ್ಷಿಕೆ ಇಲ್ಲ." ಶೀರ್ಷಿಕೆಯೆಂದರೆ ಲೆಕ್ಕದ ಪುಸ್ತಕದ ಶೀರ್ಷಿಕೆ. 2017ರ ಕೊನೆಗೆ ಅರಣ್ಯ ಕಾಯ್ದೆಯನ್ನೇ ತಿದ್ದಿ ಬಿದಿರು ಮರವಲ್ಲವೆಂದು ಸಾರಲು ಸಾಧ್ಯವಾದ ಸರ್ಕಾರಕ್ಕೆ ಒಂದು ಅಂಕಣ ಗೆರೆ ಹಾಕಲು ಸಾಧ್ಯವಿಲ್ಲವೆ? ದುರುಪಯೋಗದ ಭಯವಿದ್ದರೆ ಬೇಲಿ ಕಟ್ಟಿರಿ. ಪಾಲು ಪಡೆಯುವವರ ಹೆಸರು ಪಂಚಾಯಿತಿಯ ಗೋಡೆಗೆ ಬರಲಿ, ಕಟ್ಟಿಗೆಗೆ ಮುದ್ರೆ ಬೀಳಲಿ, ಸಾಗಣೆಯ ರಹದಾರಿ ಅಲ್ಲಿಯೇ ಸಿಗಲಿ, ಮಾರಿಕೊಂಡವರಿಗೆ ಮುಂದೆ ಇಲ್ಲ ಎನ್ನಿರಿ. ಈ ಪಾಲನ್ನು ಬದಲಿ ಗಿಡ ನೆಡುವ ಹೊಣೆಯಲ್ಲಿ ಒಂದು ಗಿಡದಷ್ಟೂ ಕಡಿತವೆಂದು ತೋರಿಸಕೂಡದು. ಒಂದು ದೊಡ್ಡ ಬೇವಿನ ನೇರ ಕೊಂಬೆಗಳಲ್ಲಿ ಹಲವು ಬಿಲ್ಲುಗಳಾಗುತ್ತವೆ. ಮೂರು ತಾಲ್ಲೂಕಿನ ಪಿಂಜಾರರೆಲ್ಲ ಬಂದರೂ ಒಂದು ಲಾರಿ ತುಂಬಲಾರದು.

"ಈಗ ಬಿಲ್ಲು ಯಾರಿಗೆ ಬೇಕು, ಯಂತ್ರವಿದೆಯಲ್ಲ" ಎನ್ನುವವರಿದ್ದಾರೆ. ನಿಜ, ಯಂತ್ರ ಬಂದ ಮೇಲೆ ಬಿಲ್ಲು ಹಿಡಿಯುವವರು ವಿರಳ. ಬಿಲ್ಲಿನ ಕೆಲಸ ಸುಖದ್ದೆಂದು ನಾನು ಹೇಳುವುದಿಲ್ಲ. ಹತ್ತಿಯ ಧೂಳು ಪುಪ್ಪುಸವನ್ನು ತಿನ್ನುತ್ತದೆ, ಮೂಗಿಗೆ ಬಟ್ಟೆ ಕಟ್ಟದೆ ಕೂತವರು ಕೆಮ್ಮಿ ಕೆಮ್ಮಿ ಹಣ್ಣಾಗಿದ್ದಾರೆ. ಮಗ ಈ ಕಸುಬು ಬಿಟ್ಟು ಓದಿದರೆ ಅದನ್ನು ನಷ್ಟವೆನ್ನಲು ನಾವು ಯಾರು? ಆದರೆ ಬಿಡುವುದು ಬೇರೆ, ಬಿಡಿಸುವುದು ಬೇರೆ. ಯಂತ್ರಕ್ಕೆ ಗಾದಿಯನ್ನು ಗಾಡಿಯಲ್ಲಿ ಪೇಟೆಗೆ ಒಯ್ಯಬೇಕು, ಕರೆಂಟಿಗೆ ಕಾಯಬೇಕು. ಬಿಲ್ಲು ಔರಾದಿನ ಒಳಹಳ್ಳಿಯ ಅಂಗಳಕ್ಕೆ ತಾನೇ ನಡೆದು ಬರುತ್ತದೆ. ಗಂಟುಗಟ್ಟಿದ ಹಳೆಯ ಗಾದಿಯನ್ನು ಬಿಚ್ಚಿ, ಹಿಂಜಿ, ಅದೇ ಹತ್ತಿಯನ್ನು ಮತ್ತೆ ತುಂಬಿ ಸಂಜೆಯೊಳಗೆ ಹೊಲಿದು ಕೊಡುತ್ತದೆ. ಅಜ್ಜಿಯ ಗಾದಿಯ ಹತ್ತಿ ಮೊಮ್ಮಗನ ತಲೆದಿಂಬಿನಲ್ಲಿರುತ್ತದೆ. ಅದರ ಜಾಗಕ್ಕೆ ಬಂದಿರುವ ಸ್ಪಂಜಿನ ಹಾಸಿಗೆ ಕುಸಿದ ಮೇಲೆ ಏನಾಗುತ್ತದೆಂದು ತಿಳಿಯಲು ಭಾಲ್ಕಿಗೋ ಬೀದರಕ್ಕೋ ಹೋಗಬೇಕಿಲ್ಲ. ನಮ್ಮದೇ ಹಳ್ಳದ ಸಂಕದ ಕೆಳಗೆ ಇಣುಕಿದರೆ ಸಾಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ರಸ್ತೆಬದಿಯ ಮರಗಳಿಗೆ ಅಂಕಿ ಬಿದ್ದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ಪಟ್ಟಿಯ ಪ್ರತಿ ಪಡೆಯಿರಿ. ಮೊದಲು ಆಕ್ಷೇಪಣೆ ಸಲ್ಲಿಸಿರಿ. ಅದರೊಡನೆಯೇ ಪ್ರತ್ಯೇಕ ಹಾಳೆಯಲ್ಲಿ, ಆಕ್ಷೇಪಣೆ ತಿರಸ್ಕೃತವಾದರೆ ಯಾವ ಮರದ ಯಾವ ಭಾಗ ಯಾವ ಕಸುಬಿನವರಿಗೆ ಎಷ್ಟು ಅಡಿ ಉದ್ದಕ್ಕೆ ಬೇಕೆಂದು, ಆ ಕಸುಬಿನವರನ್ನೇ ಕೇಳಿ, ಅವರ ಸಹಿಯೊಂದಿಗೆ ಬರೆದು ಕೊಡಿರಿ. ಎರಡು ಹಾಳೆಗೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿರಿ. ಔರಾದ್ ದಾರಿಯ ಆ ಹಿರಿಯರ ಹಾಳೆಯನ್ನು ನಾವು ಬರೆದಿದ್ದೇವೆ: ಬೇವು, ನೇರ ಕೊಂಬೆ, ಆರಡಿ, ಒಂದು; ಹುಣಸೆ, ಕೆಚ್ಚು, ಒಂದೂವರೆ ಅಡಿ, ಒಂದು.