ಜೀಪಿಗೆ ಕಿಲೋಮೀಟರ್ ಲೆಕ್ಕ ಬೇಡ, ಮಳೆ ಲೆಕ್ಕ ಇಡಿ

ನಮ್ಮ ಕುಬಟೂರು, ಆನವಟ್ಟಿ ಕಡೆ ಫೋರ್ ಬೈ ಫೋರ್ ಜೀಪು ಇಟ್ಕೊಂಡಿರೋ ಯಾವ ಮನೆಯಲ್ಲಾದ್ರೂ ಕೇಳಿ ನೋಡಿ. ‘ಇಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ರಿ’ ಅಂದ್ರೆ ತಾರೀಖು ಸಮೇತ ಹೇಳ್ತಾರೆ. ‘ಡಿಫರೆನ್ಷಿಯಲ್‌ದು ಯಾವಾಗ’ ಅಂದ್ರೆ ಮುಖ ಮುಖ ನೋಡ್ಕೊಳ್ತಾರೆ. ಆಮೇಲೆ ‘ಅದಕ್ಕಿನ್ನೂ ಕಿಲೋಮೀಟರ್ ಆಗಿಲ್ಲ ಬಿಡಿ’ ಅನ್ನೋದೊಂದು ಉತ್ತರ ಬರ್ತದೆ. ಈ ಕಿಲೋಮೀಟರ್ ಲೆಕ್ಕ ನಮ್ಮೂರಿಗೆ ಹೊಂದೋದಲ್ಲ ಅಂತ ನಾನು ಎಷ್ಟು ಸಲ ಹೇಳಿದೀನೋ. ಮನೆಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಇಲ್ಲಿ ಬರೀತಿದೀನಿ.

ಗಾಡಿ ಜೊತೆ ಬರೋ ಪುಸ್ತಕದಲ್ಲಿ ಇಷ್ಟು ಹತ್ತು ಸಾವಿರ ಕಿಲೋಮೀಟರ್‌ಗೆ ಒಂದ್ಸಲ ಅಂತ ಇರ್ತದೆ. ಅದೇ ಪುಸ್ತಕದಲ್ಲಿ ನೀರು, ಕೆಸರು, ಭಾರದ ಕೆಲಸ ಇದ್ರೆ ಬೇಗ ಬದಲಾಯಿಸಿ ಅಂತ ಸಣ್ಣಕ್ಷರದಲ್ಲಿ ಬರೆದದ್ದನ್ನ ಯಾರೂ ಓದೋದಿಲ್ಲ. ನಮ್ಮನೆ ಜೀಪು ಓಡೋದಾದ್ರೂ ಎಲ್ಲಿ? ಮನೆಯಿಂದ ಗದ್ದೆಗೆ, ಗದ್ದೆಯಿಂದ ಶುಂಠಿ ಹೊಲಕ್ಕೆ, ವಾರಕ್ಕೊಂದ್ಸಲ ಆನವಟ್ಟಿಗೆ. ಮಿಟರ್ ಮುಳ್ಳು ಆಮೆ ನಡಿಗೆ. ಆದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಚಕ್ರದ ಅರ್ಧ ಮುಳುಗೋ ಹಳ್ಳದಲ್ಲಿ ಎಷ್ಟು ಸಲ ಇಳಿದು ಹತ್ತಿತು ಅನ್ನೋದನ್ನ ಯಾವ ಮಿಟರ್ ಎಣಿಸ್ತದೆ?

ನೀರು ಒಳಗೆ ಹೋಗೋ ರೀತಿ ನೋಡಿ. ಲೋಡ್ ಹೇರ್ಕೊಂಡು ಬಂದ ಜೀಪಿನ ಹೌಸಿಂಗು ಬಿಸಿಯಾಗಿರ್ತದೆ, ಒಳಗಿನ ಗಾಳಿನೂ ಉಬ್ಬಿರ್ತದೆ. ಹಂಗೇ ತಣ್ಣನೆ ಹಳ್ಳಕ್ಕೆ ಇಳಿಸಿದ್ರೆ ಆ ಗಾಳಿ ತಟ್ಟನೆ ಕುಗ್ಗಿ ಹೊರಗಿಂದ ಎಳ್ಕೊಳ್ತದೆ. ಬಿಸಿ ಪಾತ್ರೆಗೆ ಮುಚ್ಚಳ ಹಾಕಿ ಆರಿದ ಮೇಲೆ ಮುಚ್ಚಳ ಎಳೆದ್ರೂ ಬರೋದಿಲ್ವಲ್ಲ, ಅದೇ ಕತೆ. ಗಾಳಿ ಆಡಲಿ ಅಂತ ಮೇಲೊಂದು ಬ್ರೀದರ್ ಅಂತ ಕೊಟ್ಟಿರ್ತಾರೆ. ಅದು ನೀರೊಳಗೆ ಇದ್ರೆ ಗಾಳಿ ಬದಲು ನೀರನ್ನೇ ಎಳೀತದೆ. ಅದರಲ್ಲಿ ಕೆಸರು ಕಟ್ಟಿದ್ರೆ, ಇಲ್ಲಾ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದ್ರೆ, ನೀರು ಸೀಲಿನ ಸಂದಿಯಿಂದ ನುಗ್ಗೋಕೆ ನೋಡ್ತದೆ. ಬಿಸಿಯಾದಾಗ ಒಳಗಿನ ಎಣ್ಣೆ ಅದೇ ಸೀಲಿನಿಂದ ಹೊರಗೆ ಬಂದು ಬ್ರೇಕಿಗೆ ಹತ್ತೋದೂ ಉಂಟು. ಬ್ರೀದರ್‌ಗೊಂದು ರಬ್ಬರ್ ಪೈಪು ಸಿಕ್ಕಿಸಿ ಮೇಲಕ್ಕೆ ಎತ್ತಿ ಕಟ್ಟೋದು ಅರ್ಧ ಗಂಟೆ ಕೆಲಸ. ನಮ್ಮನೆಯವ್ರು ಅದನ್ನ ಮಾಡಿದಾರೆ, ಅಷ್ಟು ಮಟ್ಟಿಗೆ ಹೊಗಳಬೇಕು.

ಒಳಗೆ ಎಂತದಿದೆ ಅಂತ ತಿಳೀದವ್ರಿಗೆ ಒಂದು ಮಾತು. ಕಣದಲ್ಲಿ ಮೇಟಿ ಸುತ್ತ ಎತ್ತು ತಿರುಗಿಸೋದನ್ನ ನಮ್ಮ ವಯಸ್ಸಿನವ್ರೆಲ್ಲ ನೋಡಿದೀವಿ. ಮೇಟಿ ಪಕ್ಕದ ಎತ್ತು ಕಮ್ಮಿ ನಡೀತದೆ, ಹೊರಗಿಂದು ಜಾಸ್ತಿ ನಡೀತದೆ. ಜೀಪು ತಿರುವಿನಲ್ಲಿ ಹೋದಾಗ ಎರಡು ಚಕ್ರದ್ದೂ ಅದೇ ಹಣೆಬರಹ. ಎರಡನ್ನೂ ಅದರದರ ವೇಗದಲ್ಲಿ ನಡೆಸೋದು ಡಿಫರೆನ್ಷಿಯಲ್. ಮುಂದೊಂದು, ಹಿಂದೊಂದು. ಕೆರೆ ತೂಬಿನಿಂದ ಎರಡು ಕಾಲುವೆಗೆ ನೀರು ಬಿಟ್ಟಹಂಗೆ ಇಂಜಿನ್ನಿನ ಶಕ್ತಿನ ಮುಂದಕ್ಕೂ ಹಿಂದಕ್ಕೂ ಹಂಚೋದು ನಡುವಿನ ಟ್ರಾನ್ಸ್‌ಫರ್ ಕೇಸು. ಮೂರೂ ಬೇರೆ ಬೇರೆ ಪೆಟ್ಟಿಗೆ, ಮೂರಕ್ಕೂ ಬೇರೆ ಬೇರೆ ಎಣ್ಣೆ. ಒಂದರಲ್ಲಿ ಬದಲಾಯಿಸಿ ಇನ್ನೆರಡನ್ನ ಬಿಟ್ರೆ ಸಾಲದು. ಮುಂದಿನ ಡಿಫರೆನ್ಷಿಯಲ್‌ನಂತೂ ಹೆಚ್ಚಿನವ್ರು ಮರೆತೇಬಿಡ್ತಾರೆ, ಹಳ್ಳಕ್ಕೆ ಮೊದಲು ಇಳಿಯೋದು ಅದೇ ಆದ್ರೂ.

ಎಣ್ಣೆ ಕೆಟ್ಟಿದ್ಯೋ ಇಲ್ವೋ ಅಂತ ನೋಡೋಕೆ ಅಡುಗೆಮನೆಯವ್ರಷ್ಟು ಸರಿಯಾದವ್ರು ಯಾರಿಲ್ಲ ಅಂತ ನನ್ನ ಅಭಿಪ್ರಾಯ. ಕರಿದ ಎಣ್ಣೆ ಇನ್ನೊಂದ್ಸಲಕ್ಕೆ ಬರ್ತದೋ ಇಲ್ವೋ ಅಂತ ಬಣ್ಣ ನೋಡಿ, ಮೂಸಿ ಹೇಳೋರು ನಾವೇ ಅಲ್ದಾ? ಇದೂ ಹಂಗೇ. ಕಪ್ಪಗಿದ್ರೆ ಹಳೇದಾಗಿದೆ ಅಷ್ಟೇ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಅದನ್ನ ಒಂದು ದಿನವೂ ಇಟ್ಕೋಬಾರ್ದು. ಬೇರಿಂಗು ತುಕ್ಕು ಹಿಡೀತದೆ, ಹಲ್ಲು ಸವೀತದೆ. ಬಿಚ್ಚಿದ ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತ ಇದ್ರೆ ಅದಕ್ಕೆ ಬೂದು ಬಣ್ಣದ ಲೇಪ ಹತ್ತಿರ್ತದೆ. ಬೆರಳಲ್ಲಿ ತಿಕ್ಕಿದ್ರೆ ಕಾಡಿಗೆ ಹಂಗೆ ನುಣ್ಣಗಿದ್ರೆ ಹೆದರಬೇಡಿ, ಚೂರು ಚೂರು ಕೈಗೆ ಸಿಕ್ಕಿದ್ರೆ ಮಾತ್ರ ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಬರಿ ಬೇಡ. ಹಲ್ಲಿಗೆ ಹಲ್ಲು ಜೋರಾಗಿ ಉಜ್ಜೋದಕ್ಕೆ ತಡೀಲಿ ಅಂತ ಎಣ್ಣೆಗೆ ಗಂಧಕ ಸೇರಿಸಿರ್ತಾರೆ, ಅದರ ವಾಸನೆ ಅದು.

ಅದಕ್ಕೇ ಹೇಳೋದು, ಎಣ್ಣೆ ಇಳಿಸುವಾಗ ಮನೆಯವ್ರು ಒಬ್ಬರಾದ್ರೂ ಎದುರು ನಿಂತಿರಬೇಕು. ಒಂದ್ಸಲ ನಮ್ಮ ಗಾಡಿ ಒಂದು ಗ್ಯಾರೇಜಿನಿಂದ ಬಂದಾಗ ಬಿಲ್ಲಿನಲ್ಲಿ ಮೂರೂ ಕಡೆ ಆಯಿಲ್ ಬದಲಾಯಿಸಿದ್ದು ಅಂತ ಇತ್ತು. ಬಗ್ಗಿ ನೋಡಿದ್ರೆ ಪ್ಲಗ್ಗಿನ ಮೇಲೆ ಹೋದ ಮಳೆಗಾಲದ ಕೆಸರು ಇಟ್ಟಿಗೆ ಹಂಗೆ ಕೂತಿದೆ! ದುಡ್ಡು ವಾಪಸ್ ಬಂತು, ಅದು ಬೇರೆ ವಿಷಯ. ಅವತ್ತಿಂದ ಮಗಳ ನೈಲ್ ಪಾಲಿಶಲ್ಲಿ ಪ್ಲಗ್ಗಿಗೂ ಹೌಸಿಂಗಿಗೂ ಸೇರಿಸಿ ಒಂದು ಗೆರೆ ಎಳೆದಿಡ್ತೀನಿ. ಗೆರೆ ಕದಲದೇ ಇದ್ರೆ ಯಾರೂ ಮುಟ್ಟಿಲ್ಲ ಅಂತಲೇ ಲೆಕ್ಕ.

ಮನೆ ಅಂಗಳದಲ್ಲೇ ಮಾಡ್ಬಹುದಾದ ಕೆಲಸ ಇದು. ಸಮತಟ್ಟು ಜಾಗ ಬೇಕು, ಯಾಕಂದ್ರೆ ಎಣ್ಣೆ ಮಟ್ಟ ಗೊತ್ತಾಗೋದೇ ಅದರಿಂದ. ಜೀಪು ಎತ್ತರ ಇರೋದರಿಂದ ಜಾಕ್ ಬೇಡ, ಬರೀ ಜಾಕ್ ಮೇಲೆ ನಿಂತ ಗಾಡಿ ಅಡಿಗೆ ಯಾರನ್ನೂ ಬಿಡಬೇಡಿ. ನಾಲ್ಕೈದು ಕಿಲೋಮೀಟರ್ ಓಡಿಸಿ ತಂದ್ರೆ ಎಣ್ಣೆ ತೆಳುವಾಗಿ ಸರಾಗ ಇಳೀತದೆ. ಮೊದಲು ಬಿಚ್ಚಬೇಕಾದ್ದು ತುಂಬಿಸೋ ಪ್ಲಗ್ಗು, ಇಳಿಸೋದಲ್ಲ. ಕೆಳಗಿಂದು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿಂದು ತುಕ್ಕು ಹಿಡಿದು ಬರಲಿಲ್ಲ ಅಂದ್ರೆ ಗಾಡಿ ನಿಂತಲ್ಲೇ ನಿಂತ ಬಸವಣ್ಣ. ಹೊಸ ಎಣ್ಣೆ ಆ ಮೇಲಿನ ತೂತಿನ ಅಂಚಿಗೆ ಬಂದು ಹೊರಗೆ ಜಿನುಗೋ ತನಕ ಹಾಕಿದ್ರೆ ಸರಿ.

ಯಾವ ಎಣ್ಣೆ ಅನ್ನೋದನ್ನ ಅಂಗಡಿಯವ್ರ ಬಾಯಿಗೆ ಬಿಡಬೇಡಿ, ಪುಸ್ತಕ ನೋಡಿ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ಅಂತ ಬರೆದ 80ಡಬ್ಲ್ಯೂ-90 ತರದ್ದು ಇರ್ತದೆ. ಅದನ್ನೇ ಗೇರ್‌ಬಾಕ್ಸಿಗೂ ಸುರಿಯೋರಿದಾರೆ. ಗೇರ್‌ಬಾಕ್ಸಿನ ಹಿತ್ತಾಳೆ ರಿಂಗಿಗೆ ಅದು ಎಲ್ಲಾ ಸಲ ಒಗ್ಗೋದಿಲ್ಲ. ಟ್ರಾನ್ಸ್‌ಫರ್ ಕೇಸಿಗಂತೂ ಕೆಲವು ಗಾಡಿಗೆ ಗೇರ್ ಆಯಿಲ್ಲು, ಕೆಲವಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ತೆಳು ಕೆಂಪು ಎಣ್ಣೆ. ಮೂರೂ ಪೆಟ್ಟಿಗೆಗೆ ಸೇರಿ ನಮ್ಮ ಗಾಡಿಗೆ ನಾಲ್ಕೈದು ಲೀಟರ್ ಸಾಕು. ಕ್ರೌನ್ ಪಿನಿಯನ್ ಹೋದ್ರೆ ತೆರಬೇಕಾದ ದುಡ್ಡಿನ ಮುಂದೆ ಈ ಖರ್ಚು ಹಬ್ಬದ ಬೆಲ್ಲದಷ್ಟು. ದುಡ್ಡಿಗಿಂತ ದೊಡ್ಡದೂ ಇದೆ. ಮಳೆಗಾಲದ ರಾತ್ರಿ ಕೇರಿಯಲ್ಲಿ ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ, ಸೊರಬಕ್ಕೋ ಶಿಕಾರಿಪುರಕ್ಕೋ ಹೊರಡೋದು ಇದೇ ಜೀಪು.

ಹಂಗಾಗಿ ನನ್ನ ಲೆಕ್ಕ ಇಷ್ಟೇ: ಮಳೆ ಹಿಂದಾಗ್ತಿದ್ದಂಗೆ, ಆಯುಧ ಪೂಜೆಗೆ ಮುಂಚೆ, ವರ್ಷಕ್ಕೊಂದ್ಸಲ. ಕಿಲೋಮೀಟರ್ ಎಷ್ಟೇ ಆಗಿರಲಿ. ಗಾಡಿ ತೊಳೆದು, ಕುಂಬಳಕಾಯಿ ಒಡೆದು, ಚಕ್ರದಡಿಗೆ ನಿಂಬೆಹಣ್ಣು ಇಡ್ತೀವಿ. ನಿಂಬೆಹಣ್ಣು ಇಡೋಕೆ ಬಗ್ಗೋರು ಇನ್ನೊಂದು ಗೇಣು ಬಗ್ಗಿದ್ರೆ ಪ್ಲಗ್ಗು ಕಾಣ್ತದೆ.

ಅದಾಗಿ ಐದಾರು ದಿನಕ್ಕೆ ಭೂಮಿ ಹುಣ್ಣಿಮೆ. ಗರ್ಭ ಹೊತ್ತ ಭೂಮಿತಾಯಿಗೆ ಬಯಕೆ ಅಂತ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ ಗದ್ದೆಗೆ ಚರಗ ಚೆಲ್ಲೋರು ನಾವು. ಅದೇ ವಾರ ಇಳಿಸಿದ ಹಳೇ ಎಣ್ಣೆನ ಬೇಲಿ ಬುಡಕ್ಕೆ ಸುರಿಯೋದಾ? ಗೂಟಕ್ಕೆ ಗೆದ್ದಲು ಹತ್ತಬಾರ್ದು ಅಂತ ಬಳಿಯೋರು, ದನದ ಗಾಯಕ್ಕೆ ಸವರೋರೂ ಇದಾರೆ. 2016ರ ಕೇಂದ್ರದ ನಿಯಮದಲ್ಲಿ ಬಳಸಿದ ಎಣ್ಣೆನ ಅಪಾಯಕಾರಿ ತ್ಯಾಜ್ಯ ಅಂತಲೇ ಸೇರಿಸಿದಾರೆ. ನಮ್ಮದು ಕೆರೆಗಳ ತಾಲೂಕು. ಬೇಲಿ ಬುಡದ್ದು ಮುಂದಿನ ಮಳೆಗೆ ಕೆರೆ ಸೇರದೇ ಎಲ್ಲಿಗೆ ಹೋಗ್ತದೆ? ಹೊಸ ಎಣ್ಣೆ ಬಂದ ಡಬ್ಬಕ್ಕೇ ಹಳೇದನ್ನ ತುಂಬಿ, ನೀರು, ಡೀಸೆಲ್ ಬೆರೆಸದೇ, ಮಕ್ಕಳ ಕೈಗೆ ಸಿಗದಂಗೆ ಇಡಿ. ಹಳೇ ಆಯಿಲ್ ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿ ಇರೋ ಸಂಸ್ಕರಣೆಯವ್ರಿಗೆ ಕೊಡೋ ಗ್ಯಾರೇಜು ಯಾವುದು ಅಂತ ಕೇಳ್ಕೊಂಡು, ಮುಂದಿನ ಸಲ ಪೇಟೆಗೆ ಹೋಗುವಾಗ ಅಲ್ಲಿ ಕೊಟ್ಟು ಬನ್ನಿ. ನಮ್ಮ ಡಬ್ಬಗಳು ಕೊಟ್ಟಿಗೆ ಅಟ್ಟದ ಮೇಲೆ ಕೂತಿವೆ, ಸೋಮವಾರ ಹೋಗ್ತವೆ.