ಹುಲ್ಲುಗಾವಲು ಬಂಜರಲ್ಲ

ಕಾಡೆಂದರೆ ಮರಗಳ ದಟ್ಟಣೆಯೆಂದೇ ಭಾವಿಸುವ ನಮ್ಮ ರೂಢಿಯು ಬಯಲುಸೀಮೆಯ ಹುಲ್ಲುಗಾವಲುಗಳಿಗೆ ಎಸಗಿರುವ ಅನ್ಯಾಯವನ್ನು ಅರಿಯಬೇಕಾದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದತ್ತ ದೃಷ್ಟಿ ಹರಿಸಬೇಕು. ಕಜಕಿಸ್ತಾನ, ರಷ್ಯಗಳ ವಿಶಾಲವಾದ ಹುಲ್ಲುಬಯಲುಗಳಲ್ಲಿ ಮರಿಮಾಡಿ, ಹಿಮಗಾಲವು ಸಮೀಪಿಸುತ್ತಲೇ ಸಾವಿರಾರು ಕಿಲೋಮೀಟರುಗಳನ್ನು ಕ್ರಮಿಸಿ ದಖ್ಖನಿಗೆ ಬಂದಿಳಿಯುವ ಪ್ಯಾಲಿಡ್ ಹ್ಯಾರಿಯರ್ ಎಂಬ ಬೇಟೆಹಕ್ಕಿಯು, ತನ್ನ ಸೋದರ ಜಾತಿಯಾದ ಮಾಂಟೆಗ್ಯೂ ಹ್ಯಾರಿಯರಿನೊಡನೆ ಇಂಥ ಬಯಲುಗಳಲ್ಲಿ ಚಳಿಗಾಲವನ್ನು ಕಳೆಯುತ್ತದೆ. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಹುಲ್ಲಿನ ತೆನೆಗಳಿಗೆ ತಾಗುವಷ್ಟು ಕೆಳಗೆ ತೇಲುತ್ತ, ಮಿಡತೆ, ಇಲಿ, ನೆಲಗುಬ್ಬಿಗಳನ್ನು ಹಿಡಿಯುವ ಈ ಹಕ್ಕಿಯು ಸಂಜೆಯಾದೊಡನೆ ಮರವನ್ನೇರದೆ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪುಗೂಡಿ ತಂಗುತ್ತದೆ.

1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿಲೋಮೀಟರು ವಿಸ್ತಾರದ ಆ ಅಭಯಾರಣ್ಯದಲ್ಲಿಯೇ ಹಸುರು ಹೆಚ್ಚಿಸುವ ಉತ್ಸಾಹದಿಂದ ನೀಲಗಿರಿಯನ್ನು ಬೆಳೆಸಿದುದು ಸದುದ್ದೇಶವೂ ಅವಿವೇಕದಿಂದ ಅನರ್ಥಕ್ಕೆ ಕಾರಣವಾಗಬಲ್ಲುದೆಂಬುದಕ್ಕೆ ನಿದರ್ಶನ. ಉಳಿದೆಡೆಗಳಲ್ಲಿ ಸರ್ಕಾರಿ ದಾಖಲೆಗಳು ಹುಲ್ಲುಗಾವಲನ್ನು ‘ಪಾಳುಭೂಮಿ’ಯೆಂದು ನಮೂದಿಸುವುದರಿಂದ, ಕಾರ್ಖಾನೆಗಾಗಲಿ ಸೌರವಿದ್ಯುತ್ ಸ್ಥಾವರಕ್ಕಾಗಲಿ ಮೊದಲು ಬಲಿಯಾಗುವುದು ಅದೇ.

ಅಭಿವೃದ್ಧಿಯೇ ಬೇಡವೆಂದು ಯಾರೂ ವಾದಿಸುತ್ತಿಲ್ಲ. ಹುಲ್ಲುಗಾವಲನ್ನು ಸ್ವತಂತ್ರವಾದ ಪರಿಸರವ್ಯವಸ್ಥೆಯೆಂದು ದಾಖಲೆಯಲ್ಲಿಯೇ ಅಂಗೀಕರಿಸಿ, ಹಕ್ಕಿಗಳು ತಂಗುವ ತಾಣಗಳಲ್ಲಿ ಸಸಿ ನೆಡುವುದನ್ನು ನಿಷೇಧಿಸಿ, ತಲೆತಲಾಂತರದಿಂದ ಅಲ್ಲಿ ಕುರಿ ಮೇಯಿಸುತ್ತ ಬಂದಿರುವ ಕುರುಬರನ್ನು ಹೊರಗಟ್ಟದೆ, ಮೇವಿನ ಮಿತಿಯನ್ನು ಅವರೊಡನೆ ಕೂಡಿಯೇ ನಿರ್ಧರಿಸುವುದು ಅರಣ್ಯ ಹಾಗೂ ಕಂದಾಯ ಇಲಾಖೆಗಳ ತತ್‌ಕ್ಷಣದ ಕರ್ತವ್ಯವಾಗಬೇಕು. ಪೈರಿಗೆರಗುವ ಮಿಡತೆಗಳನ್ನು ಕೂಲಿ ಬೇಡದೆ ತಿನ್ನುವ ಈ ಅತಿಥಿಯನ್ನು ಉಳಿಸಿಕೊಳ್ಳುವುದರಲ್ಲಿ ರೈತನ ಹಿತವೂ ಅಡಗಿದೆ.